ಸ್ಪೋರ್ಟ್ಸ್ ಬೈಕಿಗೆ ಹೊಸ ಸೈಲೆನ್ಸರ್: ಹಣ ತೆರುವುದು ಶಕ್ತಿಗೋ, ಸದ್ದಿಗೋ?

ರಾಜ್ಯದ ನಗರಗಳಲ್ಲಿ ಕೆಲವು ವರ್ಷಗಳಿಂದ ಒಂದು ದೃಶ್ಯ ಪದೇ ಪದೇ ಕಾಣಸಿಗುತ್ತಿದೆ. ಬೈಕುಗಳಿಂದ ಕಳಚಿ ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ಅವುಗಳ ಮೇಲೆ ರೋಡ್ ರೋಲರ್ ಹರಿಯುತ್ತದೆ. ಮರುದಿನ ಪತ್ರಿಕೆಗಳಲ್ಲಿ ಚಿತ್ರ ಪ್ರಕಟವಾಗುತ್ತದೆ. ಕರ್ಕಶ ಸದ್ದಿನಿಂದ ರೋಸಿಹೋಗಿದ್ದ ನಾಗರಿಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಅದೇ ನಗರದ ಬಿಡಿಭಾಗಗಳ ಮಾರುಕಟ್ಟೆಯಲ್ಲಿ, ಅದೇ ವಾರ, ಅದೇ ಬಗೆಯ ಸೈಲೆನ್ಸರ್‌ಗಳು ಗಾಜಿನ ಕಪಾಟಿನಲ್ಲಿ ಹೊಳೆಯುತ್ತಾ ಗಿರಾಕಿಗಾಗಿ ಕಾದಿರುತ್ತವೆ.

ಈ ಎರಡು ದೃಶ್ಯಗಳ ನಡುವೆ ನಿಂತಿರುವವನು ಬೈಕ್ ಸವಾರ. ಸೈಲೆನ್ಸರ್ ಬದಲಾಯಿಸುವವರೆಲ್ಲರೂ ಪುಂಡರಲ್ಲ. ಯಮಾಹಾ ಆರ್15, ಕೆಟಿಎಂ ಆರ್‌ಸಿ 390, ಟಿವಿಎಸ್ ಅಪಾಚೆ ಆರ್‌ಆರ್ 310 ಮುಂತಾದ ಸ್ಪೋರ್ಟ್ಸ್ ಬೈಕುಗಳನ್ನು ಸಾಲ ಮಾಡಿ ಕೊಂಡು, ಅದನ್ನು ಮಗುವಿನಂತೆ ನೋಡಿಕೊಳ್ಳುವ ಯುವಕರ ಸಂಖ್ಯೆ ದೊಡ್ಡದು. ಬೈಕಿನ ಶಕ್ತಿ ಹೆಚ್ಚುತ್ತದೆ, ತೂಕ ಇಳಿಯುತ್ತದೆ, ನೋಟ ಬದಲಾಗುತ್ತದೆ ಎಂಬ ಭರವಸೆಯ ಮೇಲೆ ಅವರು ಕೆಲವು ಸಾವಿರದಿಂದ ಲಕ್ಷ ರೂಪಾಯಿವರೆಗೆ ತೆರುತ್ತಾರೆ. ಆ ಭರವಸೆಯಲ್ಲಿ ಎಷ್ಟು ಪಾಲು ಸತ್ಯ, ಎಷ್ಟು ಪಾಲು ಬರೀ ಸದ್ದು ಎಂಬುದನ್ನು ಲೆಕ್ಕ ಹಾಕುವ ಅಗತ್ಯ ಇದೆ.

ಸೈಲೆನ್ಸರ್ ಮಾಡುವ ಕೆಲಸ

ಸೈಲೆನ್ಸರ್ ಎಂದರೆ ಸದ್ದಡಗಿಸುವ ಡಬ್ಬಿ ಮಾತ್ರ ಎಂಬ ತಿಳಿವಳಿಕೆ ಸಾಮಾನ್ಯ. ವಾಸ್ತವವಾಗಿ ಎಂಜಿನ್‌ನಿಂದ ಹೊಗೆ ಹೊರಹೋಗುವ ಇಡೀ ಮಾರ್ಗ ಒಂದೇ ವ್ಯವಸ್ಥೆ. ಎಂಜಿನ್‌ಗೆ ಅಂಟಿಕೊಂಡು ಹೊರಡುವ ಬೆಂಡ್ ಪೈಪ್, ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ನಡುವಿನ ಕೊಳವೆ, ಕೊನೆಯಲ್ಲಿ ಸೈಲೆನ್ಸರ್. ಒಂದನ್ನು ಬದಲಾಯಿಸಿದರೆ ಉಳಿದವುಗಳ ಮೇಲೂ ಪರಿಣಾಮ ಆಗುತ್ತದೆ.

ಒಂದೇ ಸಿಲಿಂಡರ್‌ನ ಫೋರ್-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ ಸುಮಾರು 83 ಬಾರಿ ಇಂಧನ ಹೊತ್ತಿಕೊಳ್ಳುತ್ತದೆ. ಪ್ರತಿ ಬಾರಿ ಕವಾಟ ತೆರೆದಾಗಲೂ ಒತ್ತಡದಲ್ಲಿದ್ದ ಬಿಸಿ ಅನಿಲ ಕೊಳವೆಗೆ ನುಗ್ಗುತ್ತದೆ. ಈ ಒತ್ತಡದ ಅಲೆ ಕೊಳವೆಯ ಅಗಲವಾದ ಭಾಗವನ್ನು ತಲುಪಿದಾಗ ಅದರ ಒಂದಂಶ ನಿರ್ವಾತದ ಅಲೆಯಾಗಿ ಹಿಂದಿರುಗುತ್ತದೆ. ಸರಿಯಾದ ಕ್ಷಣದಲ್ಲಿ ಅದು ಕವಾಟಕ್ಕೆ ಮರಳಿದರೆ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನೂ ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಆ ಕ್ಷಣವನ್ನು ನಿರ್ಧರಿಸುವುದು ಕೊಳವೆಯ ಉದ್ದ ಮತ್ತು ವ್ಯಾಸ.

ಹೀಗಾಗಿ 'ಹೊಗೆ ಸರಾಗವಾಗಿ ಹೋದಷ್ಟೂ ಶಕ್ತಿ ಹೆಚ್ಚು' ಎಂಬ ಗ್ಯಾರೇಜುಗಳ ಸೂತ್ರ ಅರ್ಧಸತ್ಯ. ಅಳತೆ ಮೀರಿ ಅಗಲವಾದ ಕೊಳವೆಯಲ್ಲಿ ಅನಿಲದ ವೇಗ ಕುಸಿಯುತ್ತದೆ. ಎಂಜಿನ್ ಮೇಲಿನ ವೇಗದಲ್ಲಿ ತುಸು ಗಳಿಸಿದರೂ ಕೆಳಗಿನ ವೇಗದಲ್ಲಿ ಎಳೆತವನ್ನು ಕಳೆದುಕೊಳ್ಳುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ನಗರದ ಸವಾರನಿಗೆ ಬೇಕಾದದ್ದೇ ಈ ಕೆಳಗಿನ ಎಳೆತ.

ಹಳೆಯ ಸೂತ್ರಕ್ಕೆ ಹಿನ್ನೆಲೆಯೂ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ, ಅದೇ ವರ್ಷಗಳಲ್ಲಿ ಯುವಕರ ಕಣ್ಮಣಿಯಾಗಿದ್ದ ಯಮಾಹಾ ಆರ್‌ಎಕ್ಸ್ 100 ಇವೆಲ್ಲ ಟು-ಸ್ಟ್ರೋಕ್ ಬೈಕುಗಳು. ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆಯ ಜತೆ ಹೊರಗೆ ಜಾರುವ ಹೊಸ ಇಂಧನವನ್ನು ಮರಳಿ ಸಿಲಿಂಡರ್‌ಗೆ ತಳ್ಳುವ ಕೆಲಸವೂ ಕೊಳವೆಯದೇ. ಆದ್ದರಿಂದ ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಷನ್ ಚೇಂಬರ್ ಕೂರಿಸಿದರೆ ಬೈಕಿನ ಸ್ವಭಾವವೇ ಬದಲಾಗುತ್ತಿತ್ತು. ಟು-ಸ್ಟ್ರೋಕ್ ಕಾಲ ಮುಗಿಯಿತು. ಅದರ ನಂಬಿಕೆ ಮಾತ್ರ ಫೋರ್-ಸ್ಟ್ರೋಕ್ ಕಾಲಕ್ಕೂ ಹರಿದುಬಂದಿದೆ.

ಎರಡು ಬಗೆ, ಎರಡು ಲೆಕ್ಕ

ಮಾರುಕಟ್ಟೆಯಲ್ಲಿ ದೊರೆಯುವ ಬದಲಿ ವ್ಯವಸ್ಥೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೊನೆಯ ಸೈಲೆನ್ಸರನ್ನಷ್ಟೇ ಬದಲಾಯಿಸುವುದು 'ಸ್ಲಿಪ್-ಆನ್'. ಎಂಜಿನ್‌ನಿಂದ ಹಿಡಿದು ತುದಿಯವರೆಗೆ ಎಲ್ಲವನ್ನೂ ಬದಲಾಯಿಸುವುದು 'ಫುಲ್ ಸಿಸ್ಟಂ'. ಮೊದಲನೆಯದು ಅಗ್ಗ, ಸುಲಭ, ಬೇಕೆಂದಾಗ ಹಳೆಯದನ್ನು ಮರಳಿ ಕೂರಿಸಬಹುದು. ಎರಡನೆಯದು ದುಬಾರಿ. ಅನೇಕ ಬೈಕುಗಳಲ್ಲಿ ಅದನ್ನು ಕೂರಿಸುವಾಗ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೊರಬೀಳುತ್ತದೆ.

ಈ ಉದ್ಯಮ ಹುಟ್ಟಿದ್ದು ರೇಸ್ ಟ್ರ್ಯಾಕ್‌ನಲ್ಲಿ. ಜಪಾನಿನ ಹಿದೆಯೊ ಯೊಶಿಮುರಾ 1970ರ ದಶಕದ ಆರಂಭದಲ್ಲಿ ಹೋಂಡಾ ಸಿಬಿ 750 ಬೈಕಿನ ನಾಲ್ಕು ಕೊಳವೆಗಳನ್ನು ಒಂದಾಗಿ ಕೂಡಿಸಿ ಹೆಸರು ಮಾಡಿದರು. ಸ್ಲೊವೇನಿಯಾದ ಇಗೊರ್ ಅಕ್ರಾಪೊವಿಚ್ ಸ್ವತಃ ರೇಸ್ ಸವಾರರಾಗಿದ್ದವರು. 1990ರ ದಶಕದ ಆರಂಭದಲ್ಲಿ ಅವರು ಕಟ್ಟಿದ ಸಂಸ್ಥೆ ಇಂದು ಜಗತ್ತಿನ ರೇಸ್ ತಂಡಗಳಿಗೆ ಟೈಟಾನಿಯಂ ಕೊಳವೆ ಒದಗಿಸುತ್ತಿದೆ. ಇಟಲಿಯ ಆ್ಯರೋ, ಎಸ್‌ಸಿ-ಪ್ರಾಜೆಕ್ಟ್ ಸಂಸ್ಥೆಗಳದ್ದೂ ಇದೇ ಮಾರುಕಟ್ಟೆ. ಈ ಹೆಸರುಗಳ ಆಕರ್ಷಣೆ ಎಷ್ಟೆಂದರೆ, ಅವುಗಳ ಚಿಹ್ನೆ ಅಂಟಿಸಿದ ನಕಲಿ ಮಾಲು ನಮ್ಮ ಮಾರುಕಟ್ಟೆಗಳಲ್ಲಿ ಕೆಲವೇ ಸಾವಿರ ರೂಪಾಯಿಗೆ ಬಿಕರಿಯಾಗುತ್ತದೆ.

ಲೋಹದ ಆಯ್ಕೆಯೂ ಗಮನಿಸಬೇಕಾದ ಸಂಗತಿ. ಸ್ಟೇನ್‌ಲೆಸ್ ಸ್ಟೀಲ್ ಒಂದು ಘನ ಸೆಂಟಿಮೀಟರಿಗೆ ಸುಮಾರು 8 ಗ್ರಾಂ ತೂಗಿದರೆ ಟೈಟಾನಿಯಂ ತೂಗುವುದು 4.5 ಗ್ರಾಂ ಮಾತ್ರ. ಸಾವಿರ ಸಿಸಿಯ ದೊಡ್ಡ ಬೈಕಿಗೆ ಟೈಟಾನಿಯಂನ ಫುಲ್ ಸಿಸ್ಟಂ ಕೂರಿಸಿದರೆ ಹಲವು ಕಿಲೋ ಇಳಿಯುತ್ತದೆ. ಬ್ರೇಕ್ ಹಿಡಿಯುವಾಗ, ತಿರುವಿನಲ್ಲಿ ವಾಲುವಾಗ ರೇಸ್ ಸವಾರನಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಕಾರ್ಬನ್ ಫೈಬರ್ ಹಗುರವಾದರೂ ಬಿದ್ದರೆ ಬಿರುಕು ಬಿಡುತ್ತದೆ. ನೇರ ಕೊಳವೆಯ ಸೈಲೆನ್ಸರ್‌ಗಳ ಒಳಗೆ ತುಂಬಿದ ಗ್ಲಾಸ್ ವೂಲ್ ಕಾಲಕ್ರಮೇಣ ಸುಟ್ಟು ಸವೆಯುತ್ತದೆ. ಕೊಂಡ ದಿನ ಹಿತವಾಗಿದ್ದ ಸದ್ದು ವರ್ಷ ಕಳೆದ ಮೇಲೆ ಕರ್ಕಶವಾಗಲು ಇದೇ ಮುಖ್ಯ ಕಾರಣ. ಅದನ್ನು ಬದಲಾಯಿಸುತ್ತಿರಬೇಕು ಎಂದು ಮಾರುವವರು ಹೇಳುವುದು ಕಡಿಮೆ.

ಶಕ್ತಿಯ ಭರವಸೆ ಎಷ್ಟು ನಿಜ?

ಆರ್15 ಬೈಕಿನ 155 ಸಿಸಿ ಎಂಜಿನ್ ನೀಡುವ ಶಕ್ತಿ 18.4 ಅಶ್ವಶಕ್ತಿ. ಸ್ಲಿಪ್-ಆನ್ ಕೂರಿಸಿದ್ದರಿಂದ ಅದು ಶೇ 3ರಷ್ಟು ಹೆಚ್ಚಿತೆಂದೇ ಇಟ್ಟುಕೊಂಡರೂ ಲಾಭ ಅರ್ಧ ಅಶ್ವಶಕ್ತಿಯ ಆಸುಪಾಸು. 373 ಸಿಸಿಯ ಆರ್‌ಸಿ 390 ಬೈಕಿನ 43.5 ಅಶ್ವಶಕ್ತಿಗೆ ಇದೇ ಲೆಕ್ಕ ಅನ್ವಯಿಸಿದರೆ ಸುಮಾರು 1.3. ಚೈನ್ ಸ್ವಚ್ಛವಾಗಿಟ್ಟು, ಟೈರಿನಲ್ಲಿ ಸರಿಯಾದ ಗಾಳಿ ಕಾಯ್ದುಕೊಂಡು, ಕಾಲಕಾಲಕ್ಕೆ ಏರ್ ಫಿಲ್ಟರ್ ಬದಲಾಯಿಸುವ ಸವಾರ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಪುಕ್ಕಟೆ ಅನುಭವಿಸಬಲ್ಲ.

ಹಾಗಿದ್ದರೆ ಬೈಕ್ ಓಡಿಸಿದಾಗ 'ಜೋರು' ಎನಿಸುವುದೇಕೆ? ಉತ್ತರ ಕಿವಿಯಲ್ಲಿದೆ. ಸದ್ದು ಏರಿದಾಗ ವೇಗವೂ ಏರಿತೆಂದು ಮನಸ್ಸು ಭಾವಿಸುತ್ತದೆ. ಅದನ್ನು ಖಚಿತಪಡಿಸಲು ಇರುವ ದಾರಿ ಡೈನೋ ಯಂತ್ರವೊಂದೇ. ಅದೇ ಬೈಕನ್ನು, ಅದೇ ದಿನ, ಸೈಲೆನ್ಸರ್ ಬದಲಾಯಿಸುವ ಮುನ್ನ ಹಾಗೂ ನಂತರ ಯಂತ್ರದ ಮೇಲೆ ಓಡಿಸಿ ಪಡೆದ ನಕ್ಷೆ ಇದ್ದರೆ ಮಾತ್ರ ಹೋಲಿಕೆಗೆ ಅರ್ಥ. ಆ ನಕ್ಷೆಯಲ್ಲೂ ತುದಿಯ ಅಂಕಿಯನ್ನಷ್ಟೇ ನೋಡಿದರೆ ಸಾಲದು. ನಿತ್ಯದ ಸವಾರಿ ನಡೆಯುವ 3,000ರಿಂದ 6,000 ಸುತ್ತಿನ ನಡುವೆ ಗೆರೆ ಏರಿದೆಯೋ ಇಳಿದಿದೆಯೋ ಎಂಬುದೇ ಮುಖ್ಯ.

ಬಿಎಸ್-6 ಬಂದ ಮೇಲೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಲೆಕ್ಕ ಇನ್ನಷ್ಟು ಜಟಿಲವಾಗಿದೆ. ಇಂದಿನ ಸ್ಪೋರ್ಟ್ಸ್ ಬೈಕಿನಲ್ಲಿ ಕಾರ್ಬ್ಯುರೇಟರ್ ಇಲ್ಲ. ಇಂಧನವನ್ನು ಅಳೆದು ಸಿಂಪಡಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಹೊಗೆಯ ಹಾದಿಯಲ್ಲಿ ಕುಳಿತ ಆಮ್ಲಜನಕ ಸೆನ್ಸರ್ ಕಳುಹಿಸುವ ಸಂಕೇತವನ್ನು ನೋಡಿ ಅದು ಗಾಳಿ-ಇಂಧನದ ಪ್ರಮಾಣವನ್ನು ಕ್ಷಣಕ್ಷಣವೂ ತಿದ್ದುತ್ತದೆ. ಆದರೆ ಥ್ರಾಟಲ್ ಪೂರ್ತಿ ತಿರುವಿದಾಗ ಬಹುತೇಕ ಬೈಕುಗಳಲ್ಲಿ ಇಸಿಯು ಸೆನ್ಸರ್‌ನ ಮಾತು ಬಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕವನ್ನು ಅನುಸರಿಸುತ್ತದೆ. ಆ ಕೋಷ್ಟಕ ಬರೆದದ್ದು ಮೂಲ ಸೈಲೆನ್ಸರ್‌ಗೆ. ಹೊಗೆಯ ಹಾದಿ ಬದಲಾದರೆ ಇಂಧನ ಸಾಲದೆ ಎಂಜಿನ್ ಹೆಚ್ಚು ಕಾಯುವ ಸಂಭವ ಇರುತ್ತದೆ.

ಇದನ್ನು ಸರಿಪಡಿಸಲು ಇಂಧನದ ಕೋಷ್ಟಕವನ್ನು ತಿದ್ದುವ ಉಪಕರಣಗಳಿವೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಅಂಥದ್ದೊಂದು. ಅಂದರೆ ಸೈಲೆನ್ಸರ್‌ನ ಬೆಲೆಗೆ ಉಪಕರಣದ ಬೆಲೆ, ಮ್ಯಾಪಿಂಗ್ ಮಾಡಿಸುವ ವೆಚ್ಚ ಎಲ್ಲವನ್ನೂ ಕೂಡಿಸಬೇಕು. ಕೊಳವೆಯೊಳಗೆ ಮೋಟಾರಿನಿಂದ ತೆರೆದು ಮುಚ್ಚುವ ಕವಾಟ ಉಳ್ಳ ದೊಡ್ಡ ಬೈಕುಗಳಲ್ಲಿ ಅದನ್ನು ಕಿತ್ತರೆ ಮೀಟರ್ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಬೈಕು ತನ್ನ ವಿಷಾನಿಲ ನಿಯಂತ್ರಣವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ವ್ಯವಸ್ಥೆ 2023ರ ಏಪ್ರಿಲ್‌ನಿಂದ ಇನ್ನಷ್ಟು ಬಿಗಿಯಾಗಿದೆ.

ಕ್ಯಾಟಲಿಟಿಕ್ ಕನ್ವರ್ಟರ್ ವಿಚಾರದಲ್ಲಂತೂ ರಾಜಿಗೆ ಎಡೆಯಿಲ್ಲ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಈ ಭಾಗ ಇಂಗಾಲದ ಮಾನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್ ಹಾಗೂ ಸಾರಜನಕದ ಆಕ್ಸೈಡ್‌ಗಳನ್ನು ಒಟ್ಟಿಗೇ ತಗ್ಗಿಸುತ್ತದೆ. ಅದನ್ನು ತೆಗೆದುಹಾಕಿದ ಬೈಕು ಕಾಗದದ ಮೇಲಷ್ಟೇ ಬಿಎಸ್-6. ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿಯುವ ಸದ್ದನ್ನು ಕೆಲವರು ಹೆಮ್ಮೆಯಿಂದ ಹೊರಡಿಸುತ್ತಾರೆ. ಅದು ಉರಿಯದ ಇಂಧನ ಕೊಳವೆಯಲ್ಲಿ ಹೊತ್ತಿಕೊಳ್ಳುವ ಸದ್ದು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಬೈಕಿನಲ್ಲಿ ಹೀಗೆ ಮಾಡುತ್ತಾ ಹೋದರೆ ಆ ದುಬಾರಿ ಭಾಗವೇ ಬೆಂದು ಹಾಳಾಗುತ್ತದೆ.

ಡೆಸಿಬಲ್ ಲೆಕ್ಕ

ಹೊಸ ಮೋಟಾರ್ ಸೈಕಲ್ ಎಷ್ಟು ಸದ್ದು ಮಾಡಬಹುದು ಎಂಬುದಕ್ಕೆ ಪರಿಸರ ಸಂರಕ್ಷಣಾ ನಿಯಮಗಳಡಿ 2005ರಿಂದ ಮಿತಿ ಇದೆ. 80 ಸಿಸಿವರೆಗಿನ ಬೈಕಿಗೆ 75 ಡೆಸಿಬಲ್, 80ರಿಂದ 175 ಸಿಸಿಗೆ 77, ಅದಕ್ಕೂ ಮೇಲ್ಪಟ್ಟವಕ್ಕೆ 80. ತೆರೆದ ಮೈದಾನದಲ್ಲಿ ಬೈಕು ವೇಗ ಹೆಚ್ಚಿಸುತ್ತಾ ಹಾದುಹೋಗುವಾಗ 7.5 ಮೀಟರ್ ದೂರದ ಮೈಕ್ರೋಫೋನ್ ಹಿಡಿಯುವ ಸದ್ದು ಇದು.

ಡೆಸಿಬಲ್ ಸಾಮಾನ್ಯ ಅಳತೆಗೋಲಿನಂತಲ್ಲ. ಸದ್ದು 3 ಡೆಸಿಬಲ್ ಹೆಚ್ಚಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. 10 ಹೆಚ್ಚಿದರೆ ಹತ್ತು ಪಟ್ಟು. ಕಿವಿಗೆ ಅದು ಸರಿಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಆದ್ದರಿಂದ 77ರ ಬೈಕು 87ಕ್ಕೆ ಏರಿತೆಂದರೆ ಅದೇ ರಸ್ತೆಯಲ್ಲಿ ಅಂಥ ಹತ್ತು ಮೂಲ ಬೈಕುಗಳು ಒಟ್ಟಿಗೆ ಹಾದುಹೋದಂತೆ.

ಮತ್ತೊಂದು ಮಗ್ಗುಲಿಂದಲೂ ಇದನ್ನು ನೋಡಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಸರಾಸರಿ ಶಬ್ದ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ರಾತ್ರಿ ವೇಳೆ ರಸ್ತೆ ಸಂಚಾರದ ಸದ್ದು 45 ಡೆಸಿಬಲ್‌ಗಿಂತ ಕಡಿಮೆ ಇರಬೇಕೆನ್ನುತ್ತದೆ. ಇವು ಸರಾಸರಿ ಅಂಕಿಗಳಾದ್ದರಿಂದ ಹಾದುಹೋಗುವ ಒಂದು ಬೈಕಿನ ಸದ್ದಿನೊಡನೆ ನೇರವಾಗಿ ಹೋಲಿಸಲಾಗದು. ಆದರೆ ನಡುರಾತ್ರಿ ಒಂದು ಬೀದಿಯನ್ನು ಎಚ್ಚರಗೊಳಿಸಲು ಒಂದೇ ಬೈಕು ಸಾಕು ಎಂಬುದನ್ನು ತಿಳಿಯಲು ಅಂಕಿ-ಅಂಶ ಬೇಕಿಲ್ಲ. ಮಲಗಿದ ಹಸುಗೂಸು, ಹೃದ್ರೋಗಿ, ಮರುದಿನದ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ ಇವರಾರೂ ಆ ಸದ್ದನ್ನು ಕೊಂಡವರಲ್ಲ.

ಸವಾರನೂ ಇದರಿಂದ ಹೊರತಲ್ಲ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್‌ನೊಳಗೆ ಗಾಳಿಯ ಸದ್ದೇ ಅಪಾಯದ ಮಟ್ಟ ತಲುಪುತ್ತದೆ. ಅದಕ್ಕೆ ಸೈಲೆನ್ಸರ್‌ನ ಅಬ್ಬರವೂ ಸೇರಿದರೆ ಕಿವಿಯ ಸೂಕ್ಷ್ಮ ಕೋಶಗಳಿಗೆ ಆಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. 'ಸದ್ದಿದ್ದರೆ ಎದುರಿನವರಿಗೆ ಗೊತ್ತಾಗುತ್ತದೆ, ಅಪಘಾತ ತಪ್ಪುತ್ತದೆ' ಎಂಬ ಸಮರ್ಥನೆಯೂ ಚಾಲ್ತಿಯಲ್ಲಿದೆ. ಸೈಲೆನ್ಸರ್‌ನ ಬಾಯಿ ಇರುವುದು ಹಿಂದಕ್ಕೆ. ಮುಂದಿನ ಅಡ್ಡರಸ್ತೆಯಿಂದ ಗಾಜು ಏರಿಸಿಕೊಂಡು ಬರುವ ಕಾರಿನ ಚಾಲಕನಿಗೆ ಅದು ಕೇಳಿಸುವುದು ಬೈಕು ಹತ್ತಿರ ಬಂದ ಮೇಲೆಯೇ.

ಕಾನೂನು ಏನೆನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು, ಶಬ್ದದ ಮಾನದಂಡಕ್ಕೆ ವಾಹನ ಬದ್ಧವಾಗಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದೇ ಮಾತನ್ನು ಎತ್ತಿಹಿಡಿಯಿತು.

ಸವಾರರ ವಾದವೊಂದು ಇಲ್ಲಿದೆ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಬಣ್ಣದ ವಿವರ ಇರುತ್ತದೆಯೇ ಹೊರತು ಸೈಲೆನ್ಸರ್‌ನದು ಇರುವುದಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನಾ ವ್ಯತ್ಯಾಸವನ್ನು ಮಾತ್ರ 52ನೇ ಕಲಮಿನ ವಿವರಣೆ ಮಾರ್ಪಾಡು ಎಂದು ಕರೆಯುತ್ತದೆ. ಹಾಗಾಗಿ ಸೈಲೆನ್ಸರ್ ಬದಲಾವಣೆ ಅದರಡಿ ಬಾರದು ಎಂಬುದು ಅವರ ತರ್ಕ. ತರ್ಕದಲ್ಲಿ ಹುರುಳಿರಬಹುದು. ಆದರೆ ಅದು ಸವಾರನನ್ನು ಉಳಿಸದು. ಶಬ್ದ ಹಾಗೂ ವಾಯು ಮಾಲಿನ್ಯದ ಮಾನದಂಡ ಉಲ್ಲಂಘಿಸುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದೇ 190ನೇ ಕಲಮಿನ ಎರಡನೇ ಉಪಕಲಮಿನಡಿ ಪ್ರತ್ಯೇಕ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜತೆಗೆ ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆಯನ್ನು ಕಾಯ್ದೆ ಹೇಳುತ್ತದೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ಆಯಾ ರಾಜ್ಯ ನಿಗದಿಪಡಿಸುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶ ಇದೆ.

ನ್ಯಾಯಾಲಯಗಳೂ ಸುಮ್ಮನೆ ಕುಳಿತಿಲ್ಲ. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ 2021ರ ಜುಲೈನಲ್ಲಿ ಮಾರ್ಪಡಿಸಿದ ಸೈಲೆನ್ಸರ್‌ಗಳ ಹಾವಳಿಯನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತ್ತು.

ಹೊಗೆ ತಪಾಸಣೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಕು ಎಂಬ ಭ್ರಮೆಯೂ ವ್ಯಾಪಕವಾಗಿದೆ. ಪೆಟ್ರೋಲ್ ಬೈಕಿನ ತಪಾಸಣೆಯಲ್ಲಿ ಅಳೆಯುವುದು ಎಂಜಿನ್ ನಿಧಾನಗತಿಯಲ್ಲಿದ್ದಾಗಿನ ಇಂಗಾಲದ ಮಾನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಪ್ರಮಾಣವನ್ನು. ಸದ್ದನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ಕಿವಿಯೇ ಮಾಪಕ

ಕಾನೂನು ಸ್ಪಷ್ಟವಾಗಿದ್ದರೂ ಜಾರಿಯಲ್ಲಿ ದೊಡ್ಡ ಕಂದರ ಇದೆ. ಮಿತಿ ನಿಗದಿಯಾಗಿರುವುದು ಮೈದಾನದಲ್ಲಿ ಹಾದುಹೋಗುವ ಬೈಕಿಗೆ. ಆ ಪರೀಕ್ಷೆಯನ್ನು ವೃತ್ತವೊಂದರ ಮೂಲೆಯಲ್ಲಿ ನಿಂತ ಪೇದೆ ನಡೆಸಲಾರ. 2017ರ ಏಪ್ರಿಲ್‌ನಿಂದ ತಯಾರಕರು ನೀಡುವ ನಮೂನೆ 22ರಲ್ಲಿ ಬೈಕು ಹಾದುಹೋಗುವಾಗಿನ ಸದ್ದಿನ ಅಂಕಿ ನಮೂದಾಗಿರುತ್ತದೆ. ಆದರೆ ನಿಂತ ಬೈಕಿನ ಸದ್ದಿನೊಡನೆ ಅದನ್ನು ಹೋಲಿಸಲು ಬರುವುದಿಲ್ಲ.

ಪರಿಣಾಮವಾಗಿ ಬಹುತೇಕ ಕಡೆ ಅಧಿಕಾರಿಯ ಕಿವಿಯೇ ಮಾಪಕ, ಕಣ್ಣೇ ಸಾಕ್ಷಿ. ಸೈಲೆನ್ಸರ್ ಮೇಲೆ ಕಂಪನಿಯ ಗುರುತು ಇಲ್ಲದಿದ್ದರೆ ತಪ್ಪು, ಇದ್ದರೆ ಸರಿ. ಇದರಿಂದ ಎರಡು ಬಗೆಯ ಅನ್ಯಾಯ ಆಗುತ್ತಿದೆ. ಕಾರ್ಖಾನೆಯಿಂದಲೇ ಗಡಸು ದನಿಯಲ್ಲಿ ಬಂದ ದೊಡ್ಡ ಬೈಕಿನ ಸವಾರ ತಾನು ಏನನ್ನೂ ಬದಲಾಯಿಸಿಲ್ಲವೆಂದು ರಸ್ತೆಯಲ್ಲಿ ನಿಂತು ಸಾಬೀತುಪಡಿಸಬೇಕಾಗುತ್ತದೆ. ಮತ್ತೊಂದೆಡೆ, ಕಂಪನಿಯ ಸೈಲೆನ್ಸರ್‌ನ ಒಳಗಿನ ತಡೆಗಳನ್ನೇ ಕೊರೆದು ತೆಗೆಸಿದವನು ಹೊರನೋಟದ ಬಲದಿಂದ ಪಾರಾಗುತ್ತಾನೆ.

ಮಾರುವವರ ಮಾತು ಬೇರೆಯೇ. 'ರೇಸ್ ಬಳಕೆಗೆ ಮಾತ್ರ' ಎಂಬ ಸಾಲೊಂದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರೆ ಹೊಣೆ ಕಳೆಯಿತೆಂದು ಅವರು ಭಾವಿಸುತ್ತಾರೆ. ಗ್ಯಾರೇಜುಗಳಿಗೆ ಎಚ್ಚರಿಕೆ ನೀಡುವ ಕಾರ್ಯ ಅಲ್ಲಲ್ಲಿ ನಡೆದಿದೆಯಾದರೂ ರೋಲರ್‌ನ ಕೆಳಗೆ ಬೀಳುವುದು ಸವಾರನ ಹಣವೇ. ಕರ್ನಾಟಕದ ಸವಾರ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂದರೆ ಸಾಮಾನ್ಯವಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೋ ಹೋಗುತ್ತಾನೆ. ರಾಜ್ಯದಲ್ಲಿ ಮಾರಾಟವಾಗುವ ಈ 'ರೇಸ್' ಸೈಲೆನ್ಸರ್‌ಗಳೆಲ್ಲ ಅಲ್ಲಿಗೇ ಹೋಗುತ್ತಿವೆಯೆಂದು ನಂಬುವವರು ಯಾರು? ಭಾನುವಾರ ಮುಂಜಾನೆ ನಂದಿಬೆಟ್ಟದ ಹಾದಿಯಲ್ಲಿ ನಿಂತರೆ ಉತ್ತರ ತಾನಾಗಿಯೇ ಕೇಳಿಸುತ್ತದೆ.

ಬೇರೆಡೆ ಹೇಗೆ?

ಐರೋಪ್ಯ ರಾಷ್ಟ್ರಗಳು ಬೇರೆ ದಾರಿ ಹಿಡಿದಿವೆ. ಅಲ್ಲಿ ಬದಲಿ ಸೈಲೆನ್ಸರ್‌ಗೆ ವಿಶ್ವಸಂಸ್ಥೆಯ ನಿಯಮಾವಳಿಯಡಿ ಪ್ರತ್ಯೇಕ ಪರೀಕ್ಷೆ ಉಂಟು. ಉತ್ತೀರ್ಣವಾದ ಸೈಲೆನ್ಸರ್ ಮೇಲೆ 'ಇ' ಅಕ್ಷರದ ಗುರುತು ಕೊರೆದಿರುತ್ತದೆ. ಅದು ಸೂಚಿಸಿದ ಮಾದರಿಯ ಬೈಕಿಗೆ ಅದನ್ನು ರಸ್ತೆಯಲ್ಲೂ ಬಳಸಬಹುದು. ಅಷ್ಟೇ ಅಲ್ಲ, ನಿಂತ ಬೈಕಿನ ಸದ್ದು ಎಷ್ಟಿರಬೇಕೆಂಬ ಅಂಕಿಯೂ ಬೈಕಿನ ದಾಖಲೆಯಲ್ಲಿರುತ್ತದೆ. ಸೈಲೆನ್ಸರ್ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮಾಪಕ ಹಿಡಿದು, ನಿಗದಿತ ವೇಗಕ್ಕೆ ಎಂಜಿನ್ ಏರಿಸಿದರೆ ಪೊಲೀಸರು ರಸ್ತೆಯಲ್ಲೇ ತೀರ್ಮಾನಕ್ಕೆ ಬರಬಹುದು.

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯ 2020ರ ಜೂನ್‌ನಲ್ಲಿ ಇದೇ ಅಂಕಿಯನ್ನು ಆಧರಿಸಿ, 95 ಡೆಸಿಬಲ್ ಮೀರಿದ ಬೈಕುಗಳಿಗೆ ತನ್ನ ಕೆಲವು ಬೆಟ್ಟದ ರಸ್ತೆಗಳನ್ನು ಮುಚ್ಚಿತು. ಕಾರ್ಖಾನೆಯ ಸೈಲೆನ್ಸರ್ ಇದ್ದ ಬೈಕುಗಳಿಗೂ ವಿನಾಯಿತಿ ಇರಲಿಲ್ಲ. ಫ್ರಾನ್ಸ್ 2022ರಲ್ಲಿ ಸದ್ದು ಗುರುತಿಸುವ ರಾಡಾರ್‌ಗಳ ಪ್ರಯೋಗಕ್ಕೆ ಕೈಹಾಕಿತು. ಈ ಕ್ರಮಗಳು ಕಠಿಣ ಎನಿಸಬಹುದು. ಆದರೆ ಯಾವುದು ತಪ್ಪು, ಯಾವುದು ಸರಿ ಎಂಬುದು ಅಲ್ಲಿ ಕೊಳ್ಳುವ ಮುನ್ನವೇ ಸವಾರನಿಗೆ ಗೊತ್ತಿರುತ್ತದೆ.

ಭಾರತದಲ್ಲಿ ಸಿಎನ್‌ಜಿ ಕಿಟ್ ಅಳವಡಿಕೆಗೆ ಇಂಥದ್ದೊಂದು ದಾರಿ ಈಗಾಗಲೇ ಇದೆ. ಅನುಮೋದಿತ ಕಿಟ್, ಅಧಿಕೃತ ಅಳವಡಿಕೆ, ನೋಂದಣಿ ಪತ್ರದಲ್ಲಿ ನಮೂದು. ಸ್ಪೋರ್ಟ್ಸ್ ಬೈಕಿನ ಸೈಲೆನ್ಸರ್ ಕೊಳ್ಳುವ ಸಾಮಾನ್ಯ ಸವಾರನ ಎದುರು ಅಂಥ ಹಾದಿ ಕಾಣುತ್ತಿಲ್ಲ. ಆಮದು ಸೈಲೆನ್ಸರ್ ಮೇಲಿನ 'ಇ' ಗುರುತು ಗುಣಮಟ್ಟದ ಸೂಚನೆಯಾದೀತೇ ಹೊರತು ನಮ್ಮ ರಸ್ತೆಗೆ ಅದು ಪರವಾನಗಿಯಲ್ಲ.

ಕೊಳ್ಳುವ ಮುನ್ನ

ಇಷ್ಟಾದರೂ ಸೈಲೆನ್ಸರ್ ಕೊಳ್ಳಲೇಬೇಕೆನ್ನುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಬೈಕು ಓಡುವುದೆಲ್ಲಿ? ವರ್ಷಕ್ಕೆ ನಾಲ್ಕಾರು ಬಾರಿ ರೇಸ್ ಟ್ರ್ಯಾಕ್‌ಗೆ ಹೋಗುವವನಿಗೆ ಫುಲ್ ಸಿಸ್ಟಂ, ಮ್ಯಾಪಿಂಗ್ ಎಲ್ಲವೂ ಅರ್ಥಪೂರ್ಣ. ಆದರೆ ಮೂಲ ಸೈಲೆನ್ಸರನ್ನು ಜೋಪಾನವಾಗಿ ಎತ್ತಿಟ್ಟು, ರಸ್ತೆಗೆ ಇಳಿಯುವಾಗ ಅದನ್ನೇ ಮರಳಿ ಕೂರಿಸುವ ಶಿಸ್ತು ಬೇಕು.

ಸ್ಲಿಪ್-ಆನ್ ಆಯ್ದುಕೊಳ್ಳುವವರು ತಮ್ಮ ಬೈಕಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಅದು ಬೆಂಡ್ ಪೈಪ್‌ನಲ್ಲೋ ಎಂಜಿನ್‌ನ ಅಡಿಯಲ್ಲೋ ಇದ್ದರೆ ಸ್ಲಿಪ್-ಆನ್ ಅದನ್ನು ಮುಟ್ಟುವುದಿಲ್ಲ. ಸೈಲೆನ್ಸರ್‌ನ ಒಳಗೇ ಇದ್ದರೆ ಬದಲಾವಣೆಯ ಜತೆ ಅದೂ ಹೋಗುತ್ತದೆ. 'ಡಿಬಿ ಕಿಲ್ಲರ್' ಎಂದು ಕರೆಯುವ ಸದ್ದು ತಗ್ಗಿಸುವ ತುಂಡು ಇದೆಯೇ, ಅದನ್ನು ಕೂರಿಸಿದಾಗ ಸದ್ದು ಎಷ್ಟು ಎಂಬುದನ್ನು ಅಂಗಡಿಯಲ್ಲೇ ಪರಿಶೀಲಿಸಬೇಕು. ಆಮ್ಲಜನಕ ಸೆನ್ಸರ್ ಕೂರುವ ಕಿಂಡಿ ಸರಿಯಾದ ಜಾಗದಲ್ಲಿದೆಯೇ, ಜೋಡಣೆಯಲ್ಲಿ ಹೊಗೆ ಸೋರುತ್ತದೆಯೇ, ಹಿಂದೆ ಕುಳಿತವರ ಕಾಲಿಗೆ ಬಿಸಿ ತಾಗುತ್ತದೆಯೇ, ರಸ್ತೆಯ ಉಬ್ಬಿಗೆ ಕೊಳವೆ ಬಡಿಯುತ್ತದೆಯೇ ಎಂಬ ಸಣ್ಣ ಸಂಗತಿಗಳೇ ನಂತರ ದೊಡ್ಡ ತಲೆನೋವಾಗುತ್ತವೆ.

ವಾರಂಟಿ ಹಾಗೂ ವಿಮೆಯ ಕಡೆಗೂ ಕಣ್ಣಿರಬೇಕು. ಮಾರ್ಪಾಡಿನಿಂದ ಎಂಜಿನ್ ಕೆಟ್ಟಿತೆಂದು ತಯಾರಕರು ದುರಸ್ತಿಯ ಹೊಣೆ ನಿರಾಕರಿಸಬಹುದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಪರಿಹಾರದ ವೇಳೆ ತಕರಾರಿಗೆ ಎಡೆಮಾಡಿಕೊಡುತ್ತದೆ. ಶೋರೂಂನ ಬಾಯಿಮಾತಿನ ಭರವಸೆಗಿಂತ ಬರಹದಲ್ಲಿ ಪಡೆದ ಉತ್ತರ ಮೇಲು.

ಹೊಣೆ ಯಾರದು?

ರೋಲರ್ ಹರಿಸುವುದರಿಂದ ಒಂದು ದಿನದ ಸುದ್ದಿಯಾದೀತು. ಸಮಸ್ಯೆ ಬಗೆಹರಿಯಬೇಕಾದರೆ ಮೂರು ಕೆಲಸಗಳು ಆಗಬೇಕು. ನಿಂತ ಬೈಕಿನ ಸದ್ದಿನ ಅಂಕಿಯನ್ನು ತಯಾರಕರು ಬೈಕಿನ ಮೇಲೆಯೇ ನಮೂದಿಸಬೇಕು. ಸಂಚಾರ ಠಾಣೆಗಳಿಗೆ ಪ್ರಮಾಣೀಕೃತ ಶಬ್ದ ಮಾಪಕ ಒದಗಬೇಕು. ಬದಲಿ ಸೈಲೆನ್ಸರ್ ಮಾರುವವರು ಪರೀಕ್ಷೆಗೆ ಒಳಪಡಿಸಿದ ಮಾಲನ್ನು ಮಾತ್ರ ಮಾರುವಂತಾಗಬೇಕು. ಪರೀಕ್ಷೆ ನಡೆಸಬಲ್ಲ ಸಂಸ್ಥೆಗಳು ಪುಣೆ, ಮಾನೇಸರ್‌ಗಳಲ್ಲಿ ಈಗಾಗಲೇ ಇವೆ.

ಇದು ಆಗುವವರೆಗೆ, ಸಾರ್ವಜನಿಕ ರಸ್ತೆಯಲ್ಲಿ ಓಡುವ ಬೈಕಿಗೆ ಕಾರ್ಖಾನೆ ಕೊಟ್ಟ ಸೈಲೆನ್ಸರ್ ಒಂದೇ ಪ್ರಶ್ನಾತೀತ ಆಯ್ಕೆ. ಹೊಸದರಿಂದ ದೊರೆಯುವ ಅರ್ಧ ಅಶ್ವಶಕ್ತಿಗೆ ಸವಾರ ತೆರುವ ಬೆಲೆಯಲ್ಲಿ ಅಂಗಡಿಯ ರಸೀತಿ ಒಂದು ಭಾಗ ಮಾತ್ರ. ಉಳಿದದ್ದನ್ನು ದಂಡದ ಚೀಟಿ, ಕೆಟ್ಟ ಇಂಧನ ಕ್ಷಮತೆ ಹಾಗೂ ಬೀದಿಯ ನಿದ್ದೆಗೆಟ್ಟ ಜನ ತುಂಬಿಕೊಡುತ್ತಾರೆ.